ಹಿಂದಿಟ್ಟ ಹೆಜ್ಜೆ ಮುಂದಿನ ನಡಿಗೆಗೆ ನೆರವಾದೀತೇ?

ಹೊಸಪೇಟೆಯ ಮೈದಾನಗಳಲ್ಲಿ ಸೂರ್ಯೋದಯಕ್ಕೆ ಮೊದಲೇ ನಡಿಗೆಗೆಂದು ಬರುವವರ ಸಂಖ್ಯೆ ಕಡಿಮೆಯೇನಲ್ಲ. ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು, ನಿವೃತ್ತ ನೌಕರರು, ಮನೆಗೆಲಸಕ್ಕೆ ತೊಡಗುವ ಮುನ್ನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬರುವ ತಾಯಂದಿರು, ಹೀಗೆ ನಾನಾ ಬಗೆಯ ಜನ ಅಲ್ಲಿ ಸೇರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅವರ ನಡುವೆ ಒಬ್ಬಿಬ್ಬರು ಬೆನ್ನು ಮುಂದುಮಾಡಿಕೊಂಡು, ಆಗಾಗ್ಗೆ ಹೆಗಲ ಮೇಲಿಂದ ಹಿಂತಿರುಗಿ ನೋಡುತ್ತ ಹಿಂದು ಹಿಂದಕ್ಕೆ ನಡೆಯುವುದನ್ನೂ ನಾವು ಕಾಣುತ್ತಿದ್ದೇವೆ. ಮಕ್ಕಳು ನಗುತ್ತಾರೆ, ಹಿರಿಯರು ಇದೇನು ಹುಚ್ಚಾಟವೆಂದು ಹುಬ್ಬೇರಿಸುತ್ತಾರೆ. ಹಾಗೆ ನಡೆಯುವವರನ್ನು ವಿಚಾರಿಸಿದರೆ, ಮೊಣಕಾಲು ನೋವಿಗೆ ಇದು ರಾಮಬಾಣ, ನಡಿಗೆ ನೆಟ್ಟಗಾಗುತ್ತದೆ, ನೂರು ಹೆಜ್ಜೆ ಹಿಂದಿಟ್ಟರೆ ಸಾವಿರ ಹೆಜ್ಜೆ ಮುಂದಿಟ್ಟಷ್ಟು ಫಲವೆಂದು ಉತ್ತರ ಬರುತ್ತದೆ.

ಈ ಮಾತನ್ನು ನಾವೂ ಒಮ್ಮೆ ಹಿಂದುಮುಂದು ನೋಡದೆ ನಂಬಿದ್ದೆವು. ನಮ್ಮ ಅತ್ತೆಯವರಿಗೆ ಅರವತ್ತೆಂಟು ವರ್ಷ ತುಂಬಿದ್ದ ಕಾಲವದು. ಮೊಣಕಾಲಿನ ಸವೆತದಿಂದ ಅವರ ಹೆಜ್ಜೆ ದಿನೇ ದಿನೇ ಗಿಡ್ಡವಾಗುತ್ತಿತ್ತು. ಬಲಗಾಲನ್ನು ಎಳೆದಂತೆ ಇಡುತ್ತಿದ್ದರು. ಓಣಿಯ ಕೊನೆಯಲ್ಲಿರುವ ಮಠದವರೆಗೆ ಹೋಗಿಬರುವುದೂ ಅವರಿಗೆ ಪ್ರಯಾಸವೆನಿಸತೊಡಗಿತ್ತು. ಪರಿಚಿತರೊಬ್ಬರು ಹಿಂದಕ್ಕೆ ನಡೆಯಿರೆಂದು ಸಲಹೆ ಕೊಟ್ಟಾಗ, ನಡೆದರೆ ನಷ್ಟವೇನೆಂದು ನಾವೇ ಅವರನ್ನು ಹುರಿದುಂಬಿಸಿದೆವು. ಮೂರನೆಯ ದಿನ ಮಾಳಿಗೆಯ ಮೇಲೆ ಒಬ್ಬರೇ ಹಿಂದಕ್ಕೆ ನಡೆಯುತ್ತಿದ್ದಾಗ ಬಟ್ಟೆ ಒಗೆಯುವ ಕಲ್ಲಿಗೆ ಹಿಮ್ಮಡಿ ತಗುಲಿ ಬಿದ್ದರು. ಮುಂಗೈ ಮೂಳೆ ಮುರಿದು ಆರು ವಾರ ಕೈಗೆ ಪಟ್ಟಿ ಕಟ್ಟಿಸಿಕೊಳ್ಳಬೇಕಾಯಿತು. ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆದರೆ ತಿಳಿಯದ ವಿಷಯದಲ್ಲಿ ಹಿರಿಯರನ್ನು ಮುಂದೆ ದೂಡಿದೆವಲ್ಲ, ಅಲ್ಲ, ಹಿಂದೆ ದೂಡಿದೆವಲ್ಲ ಎಂಬ ಅಳುಕು ನಮ್ಮನ್ನು ಬಿಡಲಿಲ್ಲ. ಹಿಮ್ಮುಖ ನಡಿಗೆಯ ಬಗ್ಗೆ ಬಲ್ಲವರು ಏನು ಹೇಳಿದ್ದಾರೆಂದು ನಾವು ಓದಿ, ಕೇಳಿ ತಿಳಿದುಕೊಂಡುದು ಆ ನಂತರವೇ. ಅದನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಬರೆಹದ ಉದ್ದೇಶ.

ಹಿನ್ನಡಿಗೆ ನಮಗೆ ಹೊಸದಲ್ಲ

ಹಿಂದಕ್ಕೆ ನಡೆಯುವುದು ಪರದೇಶದಿಂದ ಬಂದ ಹೊಸ ಗೀಳೆಂದು ತಿಳಿಯಬೇಕಾಗಿಲ್ಲ. ನಮ್ಮ ಭಾಗದ ಬದುಕಿನಲ್ಲಿ ಅದು ಹಿಂದಿನಿಂದಲೂ ಹಾಸುಹೊಕ್ಕಾಗಿದೆ. ತುಂಗಭದ್ರೆಯ ನೀರು ಕಾಲುವೆಗೆ ಬಿಟ್ಟ ಮೇಲೆ ಕಂಪ್ಲಿಯ ಸುತ್ತಮುತ್ತ ಒಮ್ಮೆ ತಿರುಗಾಡಿ ನೋಡಬೇಕು. ಕೆಸರು ಗದ್ದೆಯಲ್ಲಿ ಸಾಲಾಗಿ ಬಾಗಿ ನಿಂತ ಹೆಣ್ಣುಮಕ್ಕಳು ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಿಂದ ನಾಟಿ ಮಾಡುತ್ತ ಹಿಂದು ಹಿಂದಕ್ಕೆ ಸರಿಯುತ್ತಾರೆ. ನೆಟ್ಟ ಸಸಿಯನ್ನು ತುಳಿಯಬಾರದಲ್ಲ! ಆದ್ದರಿಂದ ಅವರ ಇಡೀ ದಿನದ ನಡಿಗೆಯೇ ಹಿನ್ನಡಿಗೆ.

ಮನೆಯಂಗಳದಲ್ಲಿ ಸಗಣಿ ಸಾರಿಸುವ ತಾಯಂದಿರು ಒಳಮೂಲೆಯಿಂದ ಆರಂಭಿಸಿ ಹೊಸ್ತಿಲ ಕಡೆಗೆ ಹಿಂದೆ ಸರಿಯುತ್ತ ಬರುತ್ತಾರೆ. ಹಗ್ಗ ಹೊಸೆಯುವವರು ನಾರನ್ನು ಕೂಡಿಸುತ್ತ, ಹುರಿ ಬೆಳೆದಂತೆಲ್ಲ ಹಿಂದಕ್ಕೆ ಹೆಜ್ಜೆಯಿಡುತ್ತಾರೆ. ವಿದ್ಯುತ್ ಪಂಪುಗಳು ಬರುವ ಮುನ್ನ ಕಪಿಲೆ ಬಾವಿಗಳಿದ್ದ ಕಾಲದಲ್ಲಿ ಎತ್ತುಗಳಿಗೂ ಈ ವಿದ್ಯೆ ಗೊತ್ತಿತ್ತು. ಇಳಿಜಾರಿನಲ್ಲಿ ಮುಂದಕ್ಕೆ ಇಳಿದು ನೀರು ತುಂಬಿದ ಬಾನಿಯನ್ನು ಮೇಲೆತ್ತುವುದು, ಬಳಿಕ ಹಿಂದಕ್ಕೆ ಹೆಜ್ಜೆಯಿಡುತ್ತ ಬಾವಿಯ ದಡಕ್ಕೆ ಮರಳುವುದು, ಇದು ಅವುಗಳ ದಿನನಿತ್ಯದ ಕೆಲಸವಾಗಿತ್ತು. ಇನ್ನು ಮಠದಲ್ಲಿ ಗದ್ದುಗೆಗೆ ನಮಸ್ಕರಿಸಿದವರು ಕೂಡಲೇ ಬೆನ್ನು ತಿರುಗಿಸುವುದಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ಆ ಮೇಲೆ ಹೊರಳುತ್ತಾರೆ. ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿಯೂ ಈ ಸಂಪ್ರದಾಯವನ್ನು ಕಾಣಬಹುದು.

ಹೊರಗಿನ ಜಗತ್ತಿನಲ್ಲಿಯೂ ಹಿನ್ನಡಿಗೆಯ ಸಾಹಸಿಗಳು ಇಲ್ಲದಿಲ್ಲ. ಅಮೆರಿಕದ ಪ್ಲೆನ್ನಿ ವಿಂಗೋ ಎಂಬಾತ 1931ರ ಏಪ್ರಿಲ್‌ನಿಂದ 1932ರ ಅಕ್ಟೋಬರ್‌ವರೆಗೆ ತನ್ನ ನಾಡಿನಿಂದ ತುರ್ಕಿಯ ಇಸ್ತಾಂಬುಲ್‌ವರೆಗೆ ಸುಮಾರು 8,000 ಮೈಲಿಗಳನ್ನು ಹಿಂದಕ್ಕೆ ನಡೆದೇ ಕ್ರಮಿಸಿದನು. ನಡುವಣ ಸಾಗರವನ್ನು ಮಾತ್ರ ಹಡಗಿನಲ್ಲಿ ದಾಟಿದನೆಂಬುದು ಬೇರೆ ಮಾತು. ಹಿಂದಿನ ದಾರಿ ಕಾಣುವಂತೆ ಪುಟ್ಟ ಕನ್ನಡಿಗಳನ್ನು ಅಳವಡಿಸಿದ ಕನ್ನಡಕವನ್ನು ಆತ ಧರಿಸುತ್ತಿದ್ದನು. ಸಾಹಸಿಗೂ ಹಿಂದಿನದನ್ನು ನೋಡುವ ಉಪಾಯ ಬೇಕಾಯಿತೆಂಬುದನ್ನು ನಾವು ಮರೆಯಬಾರದು.

ನಾವು ನಡೆಯುವ ಬಗೆ

ಹಿನ್ನಡಿಗೆಯ ಪರಿಣಾಮವನ್ನು ಅರಿಯಬೇಕಾದರೆ ಮೊದಲು ಮುನ್ನಡಿಗೆಯನ್ನು ಅರಿಯಬೇಕು. ಒಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗಿದ ಕ್ಷಣದಿಂದ ಅದೇ ಹಿಮ್ಮಡಿ ಮತ್ತೆ ನೆಲಕ್ಕೆ ತಾಗುವವರೆಗಿನ ಅವಧಿಯನ್ನು ನಡಿಗೆಯ ಒಂದು ಆವರ್ತವೆಂದು ವೈದ್ಯರು ಕರೆಯುತ್ತಾರೆ. ಈ ಆವರ್ತದ ಸುಮಾರು ನೂರಕ್ಕೆ 60 ಭಾಗ ಆ ಕಾಲು ನೆಲದ ಮೇಲಿರುತ್ತದೆ. ಉಳಿದ 40 ಭಾಗ ಗಾಳಿಯಲ್ಲಿ ಮುಂದಕ್ಕೆ ತೂಗುತ್ತದೆ. ಎರಡೂ ಪಾದಗಳು ನೆಲದ ಮೇಲಿರುವ ಕಾಲ ಎಲ್ಲ ಸೇರಿ ನೂರಕ್ಕೆ 20ರಷ್ಟು ಮಾತ್ರ. ಉಳಿದಷ್ಟು ಹೊತ್ತು ನಾವು ಒಂಟಿ ಕಾಲಿನ ಮೇಲೆಯೇ ನಿಂತಿರುತ್ತೇವೆ. ವಯಸ್ಸಾದವರು, ಬೀಳುವ ಭಯವುಳ್ಳವರು ಎರಡೂ ಪಾದಗಳನ್ನು ನೆಲದ ಮೇಲಿಟ್ಟಿರುವ ಹೊತ್ತನ್ನು ತಮಗರಿವಿಲ್ಲದೆಯೇ ಹೆಚ್ಚಿಸಿಕೊಳ್ಳುತ್ತಾರೆ. ಅದರಿಂದ ಹೆಜ್ಜೆ ಗಿಡ್ಡವಾಗುತ್ತದೆ, ವೇಗ ಕುಂದುತ್ತದೆ. ನಮ್ಮ ಅತ್ತೆಯವರ ನಡಿಗೆಯಲ್ಲಿ ಕಂಡುಬಂದುದೂ ಇದೇ.

ಮುಂದಕ್ಕೆ ನಡೆಯುವಾಗ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ, ಕಾಲ್ಬೆರಳುಗಳು ಕೊನೆಗೆ ನೆಲ ಬಿಡುತ್ತವೆ. ಹಿಮ್ಮಡಿ ತಾಗಿದಾಗ ಉಂಟಾಗುವ ಆಘಾತದಲ್ಲಿ ಮೊಣಕಾಲು ದೊಡ್ಡ ಪಾಲನ್ನು ಹೀರಿಕೊಳ್ಳುತ್ತದೆ. ಮೈಯನ್ನು ಮುಂದಕ್ಕೆ ದೂಡುವ ಕೆಲಸವನ್ನು ಹೆಚ್ಚಾಗಿ ಮೀನಖಂಡದ ಸ್ನಾಯುಗಳು ಮಾಡುತ್ತವೆ. ಹಿಂದಕ್ಕೆ ನಡೆಯುವಾಗ ಈ ಕ್ರಮವೆಲ್ಲ ತಲೆಕೆಳಗು. ಕಾಲ್ಬೆರಳುಗಳು ಮೊದಲು ನೆಲ ಮುಟ್ಟುತ್ತವೆ, ಹಿಮ್ಮಡಿ ಕೊನೆಗೆ ಮೇಲೇಳುತ್ತದೆ. ಆಘಾತವನ್ನು ತಡೆದುಕೊಳ್ಳುವ ಹೊಣೆ ಬಹುಪಾಲು ಪಾದದ ಕೀಲಿನದಾದರೆ, ಮೈಯನ್ನು ದೂಡುವ ಹೊಣೆ ಮೊಣಕಾಲನ್ನು ನೀಡುವ ತೊಡೆಯ ಮುಂಭಾಗದ ದೊಡ್ಡ ಸ್ನಾಯುಗಳ ಮೇಲೆ ಬೀಳುತ್ತದೆ. ಹೆಜ್ಜೆಗಳು ಚಿಕ್ಕವಾಗುತ್ತವೆ, ಅದೇ ವೇಗ ಕಾಯ್ದುಕೊಳ್ಳಲು ಹೆಜ್ಜೆಗಳ ಸಂಖ್ಯೆ ಹೆಚ್ಚಬೇಕಾಗುತ್ತದೆ.

ಕೆನಡಾದ ವಿಜ್ಞಾನಿ ಡೇವಿಡ್ ವಿಂಟರ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ಅಳೆದು ನೋಡಿದರು. ಮುನ್ನಡಿಗೆಯ ಚಲನಚಿತ್ರವನ್ನು ಹಿಂದುಮುಂದಾಗಿ ಓಡಿಸಿದರೆ ಹೇಗೆ ಕಾಣುವುದೋ, ಹಿನ್ನಡಿಗೆಯಲ್ಲಿ ಕಾಲಿನ ಚಲನೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆಂದು ಅವರು ಕಂಡುಕೊಂಡರು. 1998ರಲ್ಲಿ ಇಟಲಿಯ ವಿಜ್ಞಾನಿಗಳು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿ, ಹೊರಗೆ ಕಾಣುವ ಚಲನೆ ಹಿಂದುಮುಂದಾದ ಪ್ರತಿಬಿಂಬದಂತಿದ್ದರೂ ಒಳಗೆ ದುಡಿಯುವ ಸ್ನಾಯುಗಳ ಕ್ರಮ ಮಾತ್ರ ಬೇರೆಯೇ ಎಂದು ತೋರಿಸಿದರು. ಒಂದೇ ಬಾಗಿಲಿನಿಂದ ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಕೀಲುಗಳು ಅವೇ ಆದರೂ ಕದವನ್ನು ತಳ್ಳುವ ಕೈ, ಎಳೆಯುವ ಕೈ ಬೇರೆ ಬೇರೆಯಾಗಿ ದುಡಿಯುವಂತೆ ಇದು.

ಹಿನ್ನಡಿಗೆಯಲ್ಲಿ ದಣಿವು ಹೆಚ್ಚೆಂಬುದು ಮಾತ್ರ ನಿಜ. ಸುಮ್ಮನೆ ಕುಳಿತಿರುವಾಗ ಮೈ ವ್ಯಯಿಸುವ ಶಕ್ತಿಯನ್ನು 1 ಎಂದು ಹಿಡಿದರೆ, ಗಂಟೆಗೆ ಸುಮಾರು 5.6 ಕಿಲೋಮೀಟರ್ ವೇಗದಲ್ಲಿ ಸಮತಟ್ಟಾದ ನೆಲದ ಮೇಲೆ ಮುಂದಕ್ಕೆ ನಡೆಯುವಾಗ ಅದು 4.3 ಆಗುತ್ತದೆ, ಅದೇ ವೇಗದಲ್ಲಿ ಹಿಂದಕ್ಕೆ ನಡೆದರೆ 6 ಆಗುತ್ತದೆ. ಇವು ದೈಹಿಕ ಚಟುವಟಿಕೆಗಳ ಕುರಿತು 2011ರಲ್ಲಿ ಪ್ರಕಟವಾದ ಪಟ್ಟಿಯ ಅಂಕಿಗಳು. ಹೆಚ್ಚೆಂದರೆ ಒಂದೂವರೆ ಪಟ್ಟಿಗೂ ಕಡಿಮೆ. ನೂರು ಹೆಜ್ಜೆಗೆ ಸಾವಿರ ಹೆಜ್ಜೆಯ ಫಲವೆಂಬುದು ಅತಿಶಯೋಕ್ತಿಯೆಂಬುದು ಇದರಿಂದಲೇ ತಿಳಿಯುತ್ತದೆ. ಅದೂ ಅಲ್ಲದೆ, ಅಭ್ಯಾಸವಾದಂತೆ ಈ ಹೆಚ್ಚಿನ ಶ್ರಮವೂ ಕಡಿಮೆಯಾಗುತ್ತ ಬರುತ್ತದೆ.

ಮುನ್ನಡಿಗೆ ಸುಧಾರಿಸುತ್ತದೆಯೇ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಹಿಂದಕ್ಕೆ ನಡೆಯುವ ಅಭ್ಯಾಸದಿಂದ ದಿನನಿತ್ಯದ ಮುನ್ನಡಿಗೆ ಸುಧಾರಿಸುವುದುಂಟೇ?

ತೈವಾನ್ ದೇಶದಲ್ಲಿ ಲಕ್ವ ಹೊಡೆದು ಒಂದು ಪಾರ್ಶ್ವ ದುರ್ಬಲವಾದ 25 ಮಂದಿಯ ಮೇಲೆ ಒಂದು ಪ್ರಯೋಗ ನಡೆಯಿತು. ಅದು 2005ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ವಾರಕ್ಕೆ ಮೂರು ದಿನ 40 ನಿಮಿಷಗಳ ರೂಢಿಯ ವ್ಯಾಯಾಮ ಕೊಡಲಾಯಿತು. ಅವರಲ್ಲಿ 13 ಮಂದಿಗೆ ಇದರ ಜೊತೆಗೆ ವಾರಕ್ಕೆ ಮೂರು ದಿನ 30 ನಿಮಿಷಗಳ ಹಿನ್ನಡಿಗೆಯನ್ನೂ ಮಾಡಿಸಲಾಯಿತು. ಮೂರು ವಾರಗಳ ಬಳಿಕ ನೋಡಿದಾಗ ಈ ಹದಿಮೂರು ಮಂದಿಯ ಮುನ್ನಡಿಗೆಯ ವೇಗ, ಹೆಜ್ಜೆಯ ಉದ್ದ, ಎಡಬಲ ಕಾಲುಗಳ ಸಮತೋಲ ಇವೆಲ್ಲ ಉಳಿದವರಿಗಿಂತ ಹೆಚ್ಚು ಸುಧಾರಿಸಿದ್ದವು. ಇದು ಸಣ್ಣ ಮಾತಲ್ಲ. ಆದರೆ ವಿವೇಕಿಯಾದ ಓದುಗನು ಇಲ್ಲೊಂದು ಪ್ರಶ್ನೆ ಕೇಳಬೇಕು: ಆ ಹದಿಮೂರು ಮಂದಿ ಉಳಿದವರಿಗಿಂತ ಅರ್ಧ ಗಂಟೆ ಹೆಚ್ಚು ವ್ಯಾಯಾಮ ಮಾಡಿದರಲ್ಲವೇ? ಫಲ ಬಂದುದು ಹಿಂದಕ್ಕೆ ನಡೆದುದರಿಂದಲೋ, ಹೆಚ್ಚು ಹೊತ್ತು ನಡೆದುದರಿಂದಲೋ? ಈ ಒಂದು ಪ್ರಯೋಗದಿಂದ ಅದನ್ನು ಬಿಡಿಸಿ ಹೇಳಲಾಗದು.

ಮೊಣಕಾಲಿನ ಸವೆತಕ್ಕೆ ಸಂಬಂಧಿಸಿದಂತೆ ನಮ್ಮ ದೇಶದಲ್ಲಿಯೇ ಕೆಲಸ ನಡೆದಿದೆ. ಬಹುಕಾಲದ ಮೊಣಕಾಲು ನೋವು ಉಲ್ಬಣಿಸಿದವರ ಮೇಲೆ ಭಾರತದ ಭೌತಚಿಕಿತ್ಸಕರು ನಡೆಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ರೂಢಿಯ ಚಿಕಿತ್ಸೆಯನ್ನು ಮಾತ್ರ ಪಡೆದವರಿಗಿಂತ ಅದರೊಡನೆ ಹಿನ್ನಡಿಗೆಯನ್ನೂ ಮಾಡಿದವರ ಕಷ್ಟ ಹೆಚ್ಚು ಕಡಿಮೆಯಾಯಿತೆಂದು ಅದು ಹೇಳುತ್ತದೆ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮೊಣಕಾಲು ಸವೆದವರಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಸೊರಗಿರುತ್ತವೆ. ಹಿನ್ನಡಿಗೆ ಆ ಸ್ನಾಯುಗಳನ್ನೇ ದುಡಿಸುತ್ತದೆ. ಹಿಮ್ಮಡಿಯ ಆಘಾತವನ್ನೂ ತಪ್ಪಿಸುತ್ತದೆ. ಸ್ನಾಯು ಬಲಗೊಂಡು ನೋವು ಇಳಿದರೆ ಕುಂಟುವ ಕಾರಣವೇ ಇಲ್ಲವಾಗಿ, ಮುನ್ನಡಿಗೆ ತಾನಾಗಿಯೇ ನೇರವಾಗುತ್ತದೆ. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಮತ್ತೊಂದು ಚಿಕ್ಕ ಅಧ್ಯಯನದಲ್ಲಿ ಆರೋಗ್ಯವಂತ ಮಹಿಳೆಯರು ನಾಲ್ಕು ವಾರ ಹಿಂದಕ್ಕೆ ನಡೆದ ಬಳಿಕ ಅವರ ತೊಡೆಯ ಹಿಂಭಾಗದ ಸ್ನಾಯುಗಳ ಬಿಗಿತ ಸಡಿಲವಾಯಿತೆಂದು ಕಂಡುಬಂದಿತು.

ಇವೆಲ್ಲಕ್ಕಿಂತ ನಮ್ಮ ಕುತೂಹಲ ಕೆರಳಿಸಿದುದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗ. ಟ್ರೆಡ್‌ಮಿಲ್ ಎಂಬ ನಡಿಗೆಯ ಯಂತ್ರದಲ್ಲಿ ಎರಡು ಕಾಲುಗಳಿಗೆ ಎರಡು ಪ್ರತ್ಯೇಕ ಪಟ್ಟಿಗಳನ್ನು ಅಳವಡಿಸಿ, ಒಂದನ್ನು ವೇಗವಾಗಿ, ಇನ್ನೊಂದನ್ನು ನಿಧಾನವಾಗಿ ಓಡಿಸಿದರು. ಮೊದಮೊದಲು ಕುಂಟಿದ ಜನ ಕೆಲವೇ ನಿಮಿಷಗಳಲ್ಲಿ ಅದಕ್ಕೆ ಹೊಂದಿಕೊಂಡರು. ಪಟ್ಟಿಗಳನ್ನು ಸಮಗೊಳಿಸಿದಾಗ, ಕಲಿತ ಪಾಠದ ಪ್ರಭಾವದಿಂದ ಸ್ವಲ್ಪ ಹೊತ್ತು ವಿರುದ್ಧ ದಿಕ್ಕಿನಲ್ಲಿ ಕುಂಟಿದರು. ಅಚ್ಚರಿಯ ಸಂಗತಿಯೆಂದರೆ, ಮುಂದಕ್ಕೆ ನಡೆಯುತ್ತ ಕಲಿತ ಈ ಹೊಂದಾಣಿಕೆ ಹಿಂದಕ್ಕೆ ನಡೆದಾಗ ಕಾಣಿಸಲೇ ಇಲ್ಲ. ಮುನ್ನಡಿಗೆಗೂ ಹಿನ್ನಡಿಗೆಗೂ ನರಮಂಡಲದಲ್ಲಿ ಬೇರೆ ಬೇರೆ ವ್ಯವಸ್ಥೆಗಳಿವೆ, ಒಂದರ ಪಾಠ ಇನ್ನೊಂದಕ್ಕೆ ತಾನಾಗಿ ದಾಟುವುದಿಲ್ಲ ಎಂದು ವಿಜ್ಞಾನಿಗಳು ಇದರಿಂದ ತಿಳಿದುಕೊಂಡರು.

ಮೇಲುನೋಟಕ್ಕೆ ಇವೆರಡು ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಆದರೆ ಕೂಡಿಸಿ ನೋಡಿದರೆ ಒಂದು ಅರ್ಥ ಹೊಮ್ಮುತ್ತದೆ. ಹಿನ್ನಡಿಗೆಯು ಮಿದುಳಿಗೆ ಮುನ್ನಡಿಗೆಯ ಪಾಠವನ್ನು ಹೇಳಿಕೊಡುವುದಿಲ್ಲ. ಅದು ಮಾಡುವುದು ಸಲಕರಣೆಗಳ ದುರಸ್ತಿ: ಸ್ನಾಯುವಿಗೆ ಬಲ, ಕೀಲಿಗೆ ಸಡಿಲ, ಮೈಗೆ ಸಮತೋಲ. ದುರಸ್ತಿಯಾದ ಸಲಕರಣೆಯನ್ನು ಹಿಡಿದು ಮುಂದಕ್ಕೆ ನಡೆಯುವ ಅಭ್ಯಾಸವನ್ನು ನಾವೇ ಬೇರೆಯಾಗಿ ಮಾಡಬೇಕು. ಮುನ್ನಡಿಗೆಯನ್ನು ಬಿಟ್ಟು ಬರಿಯ ಹಿನ್ನಡಿಗೆಯನ್ನೇ ಮಾಡುವವರು ನೇಗಿಲನ್ನು ಹರಿತ ಮಾಡಿ ಹೊಲಕ್ಕೆ ಹೋಗದೆ ಮನೆಯಲ್ಲಿ ಕುಳಿತವರಂತೆ. ಕಾಲು ನೋವಿಲ್ಲದೆ ಸರಾಗವಾಗಿ ನಡೆಯುವ ಆರೋಗ್ಯವಂತರಿಗಂತೂ ದುರಸ್ತಿಯ ಅಗತ್ಯವೇ ಕಡಿಮೆ. ಆದ್ದರಿಂದ ಅವರು ದೊಡ್ಡ ಬದಲಾವಣೆಯನ್ನು ನಿರೀಕ್ಷಿಸಬಾರದು.

ದುಡಿಮೆ ಬೇರೆ, ವ್ಯಾಯಾಮ ಬೇರೆ

ಹಾಗಾದರೆ ದಿನವಿಡೀ ಹಿಂದಕ್ಕೆ ನಡೆಯುವ ಕಂಪ್ಲಿಯ ನಾಟಿಯ ಹೆಣ್ಣುಮಕ್ಕಳ ಮೊಣಕಾಲು, ಸೊಂಟ ಎಲ್ಲರಿಗಿಂತ ಗಟ್ಟಿಯಾಗಿರಬೇಕಲ್ಲವೇ ಎಂದು ಯಾರಾದರೂ ಕೇಳಬಹುದು. ನಾವೂ ಹಾಗೆಯೇ ಯೋಚಿಸಿದ್ದೆವು. ಆದರೆ ನಾಟಿಯ ದಿನಗಳ ಸಂಜೆ ಬದುವಿನ ಮೇಲೆ ಕುಳಿತು ಸೊಂಟ ಹಿಡಿದುಕೊಂಡು ಏಳುವ ಆ ತಾಯಂದಿರನ್ನು ನೋಡಿದವರು ಹಾಗೆ ಹೇಳಲಾರರು. ಅವರು ನಡೆಯುವುದು ಬೆನ್ನು ನೆಟ್ಟಗೆ ಮಾಡಿಕೊಂಡಲ್ಲ, ಸೊಂಟದಲ್ಲಿ ಎರಡಾಗಿ ಬಾಗಿ. ಹತ್ತು ನಿಮಿಷವಲ್ಲ, ಬೆಳಗಿನಿಂದ ಬೈಗಿನವರೆಗೆ. ಗಟ್ಟಿ ನೆಲದ ಮೇಲಲ್ಲ, ಪ್ರತಿ ಹೆಜ್ಜೆಗೂ ಪಾದವನ್ನು ಹಿಡಿದೆಳೆಯುವ ಕೆಸರಿನಲ್ಲಿ. ಒಂದೇ ಚಲನೆ ಹದವಾಗಿದ್ದಾಗ ಮದ್ದು, ಹದ ಮೀರಿದಾಗ ಸವೆತ. ನಾಟಿ ಯಂತ್ರಗಳು ಬರುತ್ತಿದ್ದರೂ ಈ ದುಡಿಮೆ ಇನ್ನೂ ನಿಂತಿಲ್ಲ. ಹೊಲದೊಡೆಯರಾದ ನಮ್ಮ ಬಂಧುಗಳು ನಾಟಿಯ ಆಳುಗಳಿಗೆ ಗಂಟೆಗೊಮ್ಮೆಯಾದರೂ ಬೆನ್ನು ನೀಡಿ ನಿಲ್ಲಲು, ನೆರಳಿನಲ್ಲಿ ಕುಳಿತು ನೀರು ಕುಡಿಯಲು ಬಿಡುವು ಕೊಡಬೇಕು. ನಮ್ಮ ತಟ್ಟೆಯ ಅನ್ನಕ್ಕೆ ಸವೆದ ಸೊಂಟಗಳ ಋಣವಿದೆಯೆಂಬುದನ್ನು ಮರೆಯಲಾಗದು.

ಬೀಳುವ ಭಯ

ಹಿನ್ನಡಿಗೆಯಿಂದ ಇನ್ನೊಂದು ಪ್ರಯೋಜನವಿದೆ. ಅದು ವ್ಯಾಯಾಮವಾಗಿ ಮಾತ್ರವಲ್ಲ, ಪರೀಕ್ಷೆಯಾಗಿಯೂ ಉಪಯುಕ್ತ. ವಯಸ್ಸಾದವರು ಮುಂದಕ್ಕೆ ನಡೆಯುವಾಗ ತೋರಿಬಾರದ ದೌರ್ಬಲ್ಯ ಹಿಂದಕ್ಕೆ ನಡೆಸಿದಾಗ ಬಯಲಾಗುತ್ತದೆ. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹಿರಿಯರನ್ನು 3 ಮೀಟರ್ ದೂರ ಹಿಂದಕ್ಕೆ ನಡೆಸಿ ಕಾಲವನ್ನು ಅಳೆದರು. 3 ಸೆಕೆಂಡಿಗಿಂತ ಬೇಗ ನಡೆದವರಲ್ಲಿ ಹಿಂದಿನ ವರ್ಷ ಬಿದ್ದವರು ವಿರಳ, 4.5 ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡವರಲ್ಲಿ ಬಿದ್ದವರೇ ಹೆಚ್ಚು. ಇದನ್ನು ಓದಿದ ಕೂಡಲೇ ಯಾರೂ ಗಡಿಯಾರ ಹಿಡಿದು ಅಜ್ಜ ಅಜ್ಜಿಯರನ್ನು ಹಿಂದಕ್ಕೆ ನಡೆಸಲು ಹೊರಡಬಾರದೆಂದು ನಮ್ಮ ಕಳಕಳಿಯ ವಿನಂತಿ. ತಿಳಿದವರು ಪಕ್ಕದಲ್ಲಿದ್ದು ಮಾಡಿಸಬೇಕಾದ ಪರೀಕ್ಷೆಯಿದು.

ನಿತ್ಯಜೀವನದಲ್ಲಿ ಹಿಂದಿಡುವ ಹೆಜ್ಜೆಗಳು ನಾವೆಣಿಸಿದಷ್ಟು ಕಡಿಮೆಯಲ್ಲ. ಬಾಗಿಲನ್ನು ತನ್ನ ಕಡೆಗೆ ಎಳೆದುಕೊಳ್ಳುವಾಗ, ಕುರ್ಚಿಯಲ್ಲಿ ಕೂರಲು ಹಿಂದೆ ಸರಿಯುವಾಗ, ಒಲೆಯ ಬಳಿಯಿಂದ ಬಿಸಿ ಪಾತ್ರೆ ಹಿಡಿದು ಹಿಂದಾಗುವಾಗ, ಸಂತೆಯಲ್ಲಿ ಬಂಡಿಗೆ ದಾರಿ ಬಿಡುವಾಗ ನಾವು ಹಿಂದಕ್ಕೇ ಹೆಜ್ಜೆಯಿಡುತ್ತೇವೆ. ಹಿರಿಯರು ಎಷ್ಟೋ ವೇಳೆ ತತ್ತರಿಸುವುದು ಇಂಥ ಗಳಿಗೆಗಳಲ್ಲಿಯೇ. ಆದ್ದರಿಂದ ಈ ಹೆಜ್ಜೆಯನ್ನು ಹದವಾಗಿ ಕಲಿಯುವುದರಲ್ಲಿ ಅರ್ಥವಿದೆ.

ಎಲ್ಲಿ ನಡೆಯಬೇಕು, ಎಲ್ಲಿ ಕೂಡದು

ನಮ್ಮ ಭಾಗದ ನೆಲವನ್ನು ಬಲ್ಲವರಿಗೆ ಒಂದೆರಡು ಮಾತು. ಹಂಪೆಯ ಹೇಮಕೂಟದ ಬಂಡೆಗಳ ಮೇಲೆ, ಮತಂಗ ಪರ್ವತದ ಮೆಟ್ಟಿಲುಗಳ ಮೇಲೆ ಮುಂದಕ್ಕೆ ನಡೆಯುವಾಗಲೇ ಎಚ್ಚರ ಬೇಕು. ಅಲ್ಲಿ ಹಿನ್ನಡಿಗೆಯ ಮಾತೇ ಸಲ್ಲದು. ಛಾಯಾಚಿತ್ರ ತೆಗೆಯುವ ಉತ್ಸಾಹದಲ್ಲಿ ಹಿಂದು ಹಿಂದಕ್ಕೆ ಸರಿಯುವ ಪ್ರವಾಸಿಗರಿಗೂ ಈ ಮಾತು ಅನ್ವಯಿಸುತ್ತದೆ. ವಿರೂಪಾಕ್ಷ ದೇಗುಲದ ಎದುರಿನ ರಥಬೀದಿ ಅಗಲವಾಗಿದ್ದರೂ ಜನಸಂದಣಿ ಇರುವಾಗ ಅದು ತಕ್ಕ ಸ್ಥಳವಲ್ಲ. ಸಂಡೂರಿನ ಗುಡ್ಡಗಳ ಹಸಿರು ಕಣ್ಣಿಗೆ ಹಬ್ಬವೇನೋ ಹೌದು. ಆದರೆ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಅಂಚಿನಲ್ಲಿ ಬೆನ್ನು ತಿರುಗಿಸಿ ನಡೆಯುವುದು ಅಪಾಯಕ್ಕೆ ಆಹ್ವಾನ. ಕುಮಾರಸ್ವಾಮಿ ದೇವಾಲಯದ ಹಾದಿಯಂತಹ ಏರಿಳಿತದ ಕಾಡುದಾರಿಯೂ ಇದಕ್ಕೆ ತಕ್ಕುದಲ್ಲ. ಕಂಪ್ಲಿಯ ಕಾಲುವೆಯ ದಂಡೆ ತಂಪಾಗಿದ್ದರೂ ಒಂದು ಹೆಜ್ಜೆ ತಪ್ಪಿದರೆ ನೀರು. ಹೊಸಪೇಟೆಯ ಶಾಲಾ ಮೈದಾನ, ಮನೆಯ ಪಡಸಾಲೆ, ಒಂದು ಪಕ್ಕಕ್ಕೆ ಗೋಡೆಯಿರುವ ಉದ್ದನೆಯ ಓಣಿ ಇವೇ ಉತ್ತಮ.

ಅಭ್ಯಾಸದ ಕ್ರಮ

ಮೊಣಕಾಲಿನ ತೊಂದರೆ, ಲಕ್ವ, ತಲೆಸುತ್ತು, ದೃಷ್ಟಿದೋಷ, ಪಾದದ ಮರಗಟ್ಟುವಿಕೆ ಇರುವವರು ವೈದ್ಯರನ್ನು ಇಲ್ಲವೇ ಭೌತಚಿಕಿತ್ಸಕರನ್ನು ಕಾಣದೆ ಆರಂಭಿಸಲೇಕೂಡದು. ಬಹುಕಾಲದ ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುವುದುಂಟು. ಅವರು ವಿಶೇಷ ಎಚ್ಚರ ವಹಿಸಬೇಕು.

ಮೊದಲು ನಡೆಯುವ ದಾರಿಯನ್ನು ಮುಂದಕ್ಕೆ ನಡೆದು ನೋಡಿರಿ. ಕಲ್ಲು, ಚಾಪೆ, ಬಕೆಟ್ಟು, ಒದ್ದೆ ನೆಲ, ಮಕ್ಕಳ ಆಟಿಕೆ ಏನೂ ಇರಬಾರದು. ಸವೆದ ಹವಾಯಿ ಚಪ್ಪಲಿ ಬೇಡ. ಹಿಂಬದಿ ಬಿಗಿಯಾಗಿರುವ ಪಾದರಕ್ಷೆ ಇರಲಿ. ಸೀರೆಯ ನಿರಿಗೆಯನ್ನು, ಪಂಚೆಯ ಅಂಚನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಿಕೊಳ್ಳಿರಿ. ಒಂದು ಕೈ ಗೋಡೆಯ ಮೇಲೆ ಅಥವಾ ಮೇಜಿನ ಅಂಚಿನ ಮೇಲಿರಲಿ. ಮನೆಯವರೊಬ್ಬರು ಎದುರಿಗಲ್ಲ, ಪಕ್ಕದಲ್ಲಿ ಸ್ವಲ್ಪ ಹಿಂದೆ ನಿಂತಿರಲಿ. ಬೀಳುವುದು ಆ ಕಡೆಗೇ ಅಲ್ಲವೇ?

ತಲೆ ಬಗ್ಗಿಸದೆ, ಬೆನ್ನು ನೆಟ್ಟಗೆ ಮಾಡಿ, ಒಂದು ಕಾಲನ್ನು ಹಿಂದಕ್ಕೆ ಚಾಚಿ ಕಾಲ್ಬೆರಳುಗಳನ್ನು ಮೊದಲು ಊರಿ, ಬಳಿಕ ಹಿಮ್ಮಡಿಯನ್ನು ಇಳಿಸಿ, ಭಾರವನ್ನು ಅದರ ಮೇಲೆ ಹಾಕಿದ ಮೇಲೆಯೇ ಇನ್ನೊಂದು ಕಾಲನ್ನು ಎತ್ತಿರಿ. ಆರಂಭದಲ್ಲಿ ಹತ್ತು ಹೆಜ್ಜೆ ಹಿಂದಕ್ಕೆ, ಹತ್ತು ಹೆಜ್ಜೆ ಮುಂದಕ್ಕೆ, ಹೀಗೆ ಐದು ನಿಮಿಷ ಸಾಕು. ವಾರಗಳು ಕಳೆದಂತೆ ಹತ್ತು ನಿಮಿಷಕ್ಕೆ ಏರಿಸಬಹುದು. ಎದೆನೋವು, ತಲೆಸುತ್ತು, ಮೊಣಕಾಲಿನಲ್ಲಿ ಬಾವು ಕಂಡರೆ ಕೂಡಲೇ ನಿಲ್ಲಿಸಿರಿ. ಚಿಕಿತ್ಸಕರು ಹೇಳಿದ ಇತರ ವ್ಯಾಯಾಮಗಳನ್ನೂ ದಿನನಿತ್ಯದ ಮುನ್ನಡಿಗೆಯನ್ನೂ ಇದಕ್ಕಾಗಿ ಬಿಡಬೇಡಿರಿ.

ಕೊನೆಯ ಮಾತು

ನಮ್ಮ ಅತ್ತೆಯವರ ಕೈಮೂಳೆ ಕೂಡಿದ ಮೇಲೆ ಭೌತಚಿಕಿತ್ಸಕಿಯೊಬ್ಬರನ್ನು ಕಂಡೆವು. ಹಿನ್ನಡಿಗೆಯ ಹೆಸರೆತ್ತಿದರೆ ಗದರುತ್ತಾರೆಂದು ಭಾವಿಸಿದ್ದ ನಮಗೆ ಅವರ ಮಾತು ಆಶ್ಚರ್ಯ ತಂದಿತು. ನಡಿಗೆ ತಪ್ಪಲ್ಲ, ನಡೆದ ಜಾಗ ತಪ್ಪು, ಒಂಟಿಯಾಗಿ ನಡೆದುದು ತಪ್ಪು ಎಂದರು. ಎರಡು ತಿಂಗಳು ಕುಳಿತು ಕಾಲು ನೀಡುವ ವ್ಯಾಯಾಮ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಮಾಡಿಸಿದರು. ಆ ನಂತರ ಪಡಸಾಲೆಯ ಗೋಡೆ ಹಿಡಿದು ಹಿಂದಕ್ಕೆ ಹತ್ತು ಹೆಜ್ಜೆ. ಮೊದಲ ದಿನ ಅತ್ತೆಯವರ ಕೈ ನಡುಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ನಮ್ಮ ಕೈಯೂ ನಡುಗುತ್ತಿತ್ತೆಂದು ಈಗ ಒಪ್ಪಿಕೊಳ್ಳಬಹುದು.

ವರ್ಷ ಕಳೆಯುವಷ್ಟರಲ್ಲಿ ಅವರ ಹೆಜ್ಜೆ ಉದ್ದವಾಯಿತು, ಕಾಲು ಎಳೆಯುವುದು ಕಡಿಮೆಯಾಯಿತು. ಇದು ಹಿನ್ನಡಿಗೆಯ ಫಲವೇ, ಇತರ ವ್ಯಾಯಾಮಗಳ ಫಲವೇ, ಬೀಳುವ ಭಯ ಬಿಟ್ಟುದರ ಫಲವೇ ಎಂದು ನಾವು ಬೇರ್ಪಡಿಸಿ ಹೇಳಲಾರೆವು. ತೈವಾನಿನ ಪ್ರಯೋಗಕ್ಕೆ ಕೇಳಿದ ಪ್ರಶ್ನೆಯನ್ನು ನಮ್ಮ ಮನೆಗೂ ಕೇಳುವುದು ನ್ಯಾಯ. ಎಲ್ಲವೂ ಸೇರಿ ಆದ ಒಳಿತೆಂದು ಭಾವಿಸುವುದೇ ಸರಿ.

ಕಳೆದ ಸೋಮವಾರ ಅವರೊಡನೆ ಮಠಕ್ಕೆ ಹೋಗಿದ್ದೆವು. ಗದ್ದುಗೆಗೆ ನಮಸ್ಕರಿಸಿ ಎದ್ದವರು ವಾಡಿಕೆಯಂತೆ ಹಿಂದಕ್ಕೆ ಸರಿದರು. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ. ಕೈ ಹಿಡಿಯಲು ಮುಂದಾದ ನಮ್ಮನ್ನು ಕಣ್ಣಿನಲ್ಲಿಯೇ ತಡೆದರು. ಆದರೆ ಎಡಗೈಯನ್ನು ಮಾತ್ರ ಪಕ್ಕದ ಕಂಬದ ಮೇಲೆ ಇಟ್ಟಿದ್ದರು. ಕಲಿತ ಪಾಠವನ್ನು ಅವರು ಮರೆತಿರಲಿಲ್ಲ. ಓದುಗ ಬಂಧುಗಳೂ ಮರೆಯದಿರಲಿ: ಹಿಂದಕ್ಕೆ ಹೆಜ್ಜೆಯಿಡುವುದರಲ್ಲಿ ತಪ್ಪಿಲ್ಲ, ಆಸರೆಗೊಂದು ಕಂಬವಿರಲಿ, ಪಕ್ಕದಲ್ಲೊಬ್ಬರು ಮನೆಯವರಿರಲಿ.